ಬಳೆಗಾಗಿ ಮರ ಕೆತ್ತಬೇಡಿ
ಕೋವಿ ರಿಪೇರಿ ಅಂಗಡಿಯ ಯಜಮಾನರಿಗೆ,

ಹೋದ ಆಗಸ್ಟ್‌ನಲ್ಲಿ, ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂತೆಂದು, ನಮ್ಮ ಹಿರಿಯರ ಐನ್‌ಮನೆಯ ಕೇಪಿನ ಕೋವಿಯನ್ನು ನಿಮ್ಮಲ್ಲಿಗೆ ತಂದಿದ್ದೆ. ಟ್ರಿಗರ್ ಸುತ್ತಲಿನ ಹಿತ್ತಾಳೆ ಬಳೆ ಬಿರುಕು ಬಿಟ್ಟು ಅಲ್ಲಾಡುತ್ತಿತ್ತು. ಕಾಫಿ ತೋಟದಲ್ಲಿ ನುಸುಳುವಾಗ ಟ್ರಿಗರ್‌ಗೆ ಒಂದು ರೆಂಬೆ ಸಿಕ್ಕಿಕೊಂಡರೆ ಏನಾಗಬಹುದೆಂದು ನಿಮಗೆ ಹೇಳಬೇಕಾಗಿಲ್ಲ. "ಹೊಸದು ಹಾಕಿಬಿಡೋಣ" ಅಂದಿರಿ. ನಾನೂ ಹೂಂ ಅಂದೆ.

ಕೋವಿ ಕೈಗೆ ಬಂದೊಡನೆ ನೀವು ಮಾಡಿದ್ದು ನನಗಿನ್ನೂ ನೆನಪಿದೆ. ಮದ್ದು ಜಡಿಯುವ ಗಜವನ್ನು ನಳಿಗೆಯೊಳಗೆ ಪೂರಾ ಇಳಿಸಿದಿರಿ, ಬಾಯಿಯ ಮಟ್ಟಕ್ಕೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಹೊರಗೆಳೆದಿರಿ, ಅದೇ ಅಳತೆಗೆ ನಳಿಗೆಯ ಹೊರಮೈಗೆ ಇಟ್ಟು ನೋಡಿದಿರಿ. ತುದಿ ಕೇಪು ಕೂರುವ ಜಾಗದವರೆಗೆ ಮುಟ್ಟಿತು. "ಒಳಗೆ ಮದ್ದಿಲ್ಲ" ಎಂದ ಮೇಲೇ ಕೋವಿಯನ್ನು ಮೇಜಿನ ಮೇಲೆ ಇಟ್ಟಿರಿ. ಯಾವ ಕಾಲದಲ್ಲೋ ತುಂಬಿಟ್ಟು ಮರೆತ ಮದ್ದು ಇಂದಿಗೂ ಹಾರಬಹುದೆಂದು ಬಲ್ಲವರು ಮಾತ್ರ ಹೀಗೆ ನೋಡುತ್ತಾರೆ. ಕೆಲಸ ಗೊತ್ತಿಲ್ಲದವರು ಹಾಳು ಮಾಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ವಾಪಸು ಬಂದಾಗ ಬಳೆ ಗಟ್ಟಿಯಾಗಿ ಕೂತಿತ್ತು. ತಿರುಗಿಸಿ ನೋಡಿದೆ. ಹಳೆಯ ಬಳೆಯ ಬಾಲ ಎಲೆಯ ತುದಿಯಂತೆ ಬಾಗಿ ಮರದೊಳಗೆ ಕೂರುತ್ತಿತ್ತು. ಆ ಕೆತ್ತನೆಯನ್ನು ಉಳಿಯಿಂದ ಚೌಕ ಮಾಡಿದ್ದೀರಿ. ಉಳಿದ ಸಂದಿಗೆ ಗೋಂದು, ಮರದ ಪುಡಿ. ಅಡ್ಡ ಮೊಳೆಗಳು ಹಿಡಿದಿದ್ದ ಜಾಗದಲ್ಲಿ ಎರಡು ಸ್ಕ್ರೂ. ಹಿಂದಿನ ಸ್ಕ್ರೂವಿನಿಂದ ಕೂದಲೆಳೆಯಷ್ಟು ಸೀಳು ಹೊರಟು, ಅಂಗೈ ಹಿಡಿಯುವ ಸಣ್ಣ ನಡುವಿನ ಕಡೆಗೆ ಸಾಗಿದೆ.

ಹಿತ್ತಾಳೆ ಬಗ್ಗುತ್ತದೆ, ಯಜಮಾನರೇ. ಮಂದವಾಗಿ ಕೆಂಪಾಗುವಷ್ಟು ಕಾಯಿಸಿ ನೀರಿಗೆ ಅದ್ದಿದರೆ ಉಕ್ಕಿನ ಹಾಗೆ ಬಿರುಸಾಗುವುದಿಲ್ಲ, ಮೆತ್ತಗಾಗುತ್ತದೆ. ಆಮೇಲೆ ಹಳೆಯ ತಗ್ಗಿಗೆ ಒಪ್ಪುವಂತೆ ಬಾಗಿಸಬಹುದು, ಹೆಚ್ಚಾದದ್ದನ್ನು ಅರದಿಂದ ಉಜ್ಜಬಹುದು. ತಳಕ್ಕೆ ದೀಪದ ಮಸಿ ಬಳಿದು ಮರಕ್ಕೆ ಒತ್ತಿದರೆ, ಎಲ್ಲಿ ತಗಲುತ್ತದೋ ಅಲ್ಲಿ ಮಸಿ ಹತ್ತುತ್ತದೆ. ಲೋಹವನ್ನು ಅಷ್ಟಷ್ಟೇ ಉಜ್ಜಿ ಮತ್ತೆ ಒತ್ತಬೇಕು. ದಿನ ಹಿಡಿಯುವ ಕೆಲಸ, ನಿಜ. ನಾನು ಕಾಯುತ್ತಿದ್ದೆ, ಹಣವನ್ನೂ ಕೊಡುತ್ತಿದ್ದೆ. ಬಳೆ ಕೆಟ್ಟರೆ ಇನ್ನೊಂದು ಎರಕ ಹೊಯ್ಯಬಹುದು. ಕೆತ್ತಿ ತೆಗೆದ ಮರವನ್ನು ಎಲ್ಲಿಂದ ತರೋಣ?

ನಮ್ಮ ಕೊಡವರಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ನಮ್ಮ ಅಜ್ಜನ ಸಾವನ್ನು ಊರಿಗೆ ತಿಳಿಸಿದ್ದು ಇದೇ ಕೋವಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಸರ್ಕಾರ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಕೋವಿ ಇಟ್ಟುಕೊಳ್ಳುವ ಹಕ್ಕು ಹೀಗೆ ಕಾಗದದಲ್ಲಿ ಉಳಿಯುತ್ತದೆ. ಕೋವಿ ಉಳಿಯುವುದು ನಿಮ್ಮಂಥವರ ಕೈಯಲ್ಲಿ. ಈ ಸಲ ಐನ್‌ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಪೂಜೆಗಿಟ್ಟು, ನಳಿಗೆಗೆ ತೋಕ್ ಪೂ ಹೂವು ಸಿಕ್ಕಿಸುವಾಗ ಅಮ್ಮನ ಬೆರಳು ಆ ಸೀಳಿನ ಮೇಲೆ ನಿಂತಿತು. ಏನೂ ಹೇಳಲಿಲ್ಲ.

ಬಿರುಕು ಬಿಟ್ಟ ಆ ಹಳೆಯ ಬಳೆ ನಿಮ್ಮ ಗುಜರಿ ಡಬ್ಬದಲ್ಲಿ ಇನ್ನೂ ಇದ್ದರೆ ದಯವಿಟ್ಟು ಎತ್ತಿಡಿ. ಅದನ್ನೇ ಅಚ್ಚಿಗಿಟ್ಟು ಎರಕ ಹೊಯ್ಯಿಸಬೇಕೆಂದಿದ್ದೇನೆ. ಬರುವ ಸೋಮವಾರ ಬೆಳಿಗ್ಗೆ ಬರುತ್ತೇನೆ, ಕೋವಿಯನ್ನೂ ತರುತ್ತೇನೆ.

ಇಂತಿ,
ನಿಮ್ಮ ಹಳೆಯ ಗಿರಾಕಿ