ಹೊಗೆಗೊಂದು ದಾರಿ

ಮಲೆನಾಡಿನ ಮನೆಗಳಲ್ಲಿ ಅಡುಗೆಗೆ ಗ್ಯಾಸು ಬಂದು ಎಷ್ಟೋ ಕಾಲವಾಯಿತು. ಸ್ನಾನದ ನೀರು ಕಾಯಿಸುವ ಅಧಿಕಾರವನ್ನು ಮಾತ್ರ ಬಚ್ಚಲ ಒಲೆ ಇನ್ನೂ ಬಿಟ್ಟುಕೊಟ್ಟಿಲ್ಲ. ಸೋಲಾರ್ ಹಾಕಿಸಿದರೆ ಆಷಾಢದಲ್ಲಿ ಸೂರ್ಯನಿಗೆ ರಜೆ, ಗೀಸರ್ ತಂದರೆ ಕರೆಂಟಿಗೆ ರಜೆ. ಹಂಡೆಗೆ ರಜೆಯೆಂಬುದೇ ಇಲ್ಲ. ಅಡಿಕೆ ಸೋಗೆ, ತೆಂಗಿನ ಮಟ್ಟೆ, ಕರಟ, ಅಜ್ಜನ ಕಾಲದ ಕುರ್ಚಿಯ ಮುರಿದ ಕಾಲು, ಯಾವುದನ್ನು ಕೊಟ್ಟರೂ ಬೇಡವೆನ್ನದ ಒಲೆ ಅದು. ವರ್ಷಕ್ಕೊಮ್ಮೆ, ದೀಪಾವಳಿಯ ನೀರು ತುಂಬುವ ಹಬ್ಬದಂದು, ಕೊರಳಿಗೆ ಹಿಂಡಲೆಕಾಯಿ ಬಳ್ಳಿ ಸುತ್ತಿಸಿಕೊಂಡು ಹಂಡೆ ಪೂಜೆಯನ್ನೂ ಮಾಡಿಸಿಕೊಳ್ಳುತ್ತದೆ.

ನಮ್ಮ ದೊಡ್ಡಮ್ಮ ಈ ಒಲೆಯ ಆಡಳಿತಾಧಿಕಾರಿ. ಬೆಳಗ್ಗೆ ಬೆಂಕಿ ಹಾಕುವ ಮುನ್ನ ಒಲೆಯ ಬಾಯೊಳಗೆ ಒಂದು ಕೋಲು ತೂರಿಸಿ ತಡಕುತ್ತಿದ್ದರು. ರಾತ್ರಿಯ ಬೆಚ್ಚನೆ ಬೂದಿಯಲ್ಲಿ ಮಲಗಿದ್ದ ಬೆಕ್ಕು ಮೈ ಮುರಿಯುತ್ತ, ಬಾಡಿಗೆದಾರರನ್ನು ಹೀಗೆ ಎಬ್ಬಿಸುವುದು ಸರಿಯೇ ಎಂಬ ಮುಖ ಮಾಡಿಕೊಂಡು ಹೊರಬರುತ್ತಿತ್ತು. ಹುಟ್ಟುವಾಗ ಅದರ ಬಣ್ಣ ಬಿಳಿಯೆಂದು ಹೇಳುತ್ತಾರೆ. ಆಮೇಲೆ ಸೌದೆಯನ್ನು ನೆಲಕ್ಕೆ ಕುಟ್ಟುವ ಶಾಸ್ತ್ರ. ಒಳಗೆ ಚೇಳಿದ್ದರೆ ಇಳಿದು ಹೋಗಲಿ ಎಂದು. ಒಲೆಯಿಂದ ಹೊರಚಾಚಿದ ಸೋಗೆಗೂ ಮೂಲೆಯ ಸೋಗೆ ಕಟ್ಟಿಗೂ ನಡುವೆ ಒಬ್ಬರು ಕೂರುವಷ್ಟು ಜಾಗ ಇರಲೇಬೇಕು. ಒಲೆ ಹತ್ತಲಿಲ್ಲವೆಂದು ಸೀಮೆಎಣ್ಣೆ ಡಬ್ಬಿ ಎತ್ತಿದವರ ಮೇಲೆ ಅವರು ಊದುಗೊಳವೆ ಎತ್ತುತ್ತಿದ್ದರು. "ಕೆಂಡದ ಮೇಲೆ ಎಣ್ಣೆ ಹೊಯ್ದರೆ ಬೆಂಕಿ ನಿನ್ನ ಕೈಯಲ್ಲಿರೋ ಡಬ್ಬಿನ ಮಾತಾಡಿಸಕ್ಕೆ ಬರತ್ತೆ ಮಾರಾಯ!"

ಈಗಿನವರು ಸೀಮೆಎಣ್ಣೆ ಕಾಣದ್ದರಿಂದ ಹಾಲಿನ ಪ್ಯಾಕೆಟ್ಟನ್ನು ಹಾಕುತ್ತಾರೆ. ಒಲೆ ಭಗ್ಗೆಂದು ಹತ್ತುತ್ತದೆ ನಿಜ. ಆದರೆ ಆ ವಿಷದ ಹೊಗೆ ಕುಡಿದು ಕಾದ ನೀರಿನಲ್ಲಿ ಮಿಂದು ಶುದ್ಧರಾಗುವುದು ಹೇಗೋ!

ಇನ್ನು ಬೂದಿ. ಪತ್ರಿಕೆಯವರು ಬರೆಯುವ ಬೂದಿ ಮುಚ್ಚಿದ ಕೆಂಡ ಸಾಮಾನ್ಯವಾಗಿ ಮುಂದಿನ ಚುನಾವಣೆಯವರೆಗೂ ತಣ್ಣಗಿರುತ್ತದೆ. ಬಚ್ಚಲ ಒಲೆಯದ್ದು ಹಾಗಲ್ಲ. ಮೇಲೆ ಆರಿದಂತೆ ಕಂಡ ಬೂದಿಯನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ತುಂಬಿದರೆ ಬಕೆಟ್ಟಿನ ತಳವೇ ಕಾಣೆಯಾಗುತ್ತದೆ. ಗೊಬ್ಬರಗುಂಡಿಗೆ ಎಸೆದರೆ ಮರುದಿನ ಮಧ್ಯಾಹ್ನ ಒಣ ತರಗಿನಲ್ಲಿ ಹೊಗೆಯೇಳುತ್ತದೆ. ಕಬ್ಬಿಣದ ಬಾನಿ, ಮೇಲೊಂದು ಚೊಂಬು ನೀರು, ದೊಡ್ಡಮ್ಮನ ಕಾಯಿದೆ ಅಷ್ಟೇ.

ಇಷ್ಟೆಲ್ಲ ಕಾಯಿದೆಯಿದ್ದರೂ ಹೊಗೆಯ ಬಗ್ಗೆ ಅವರು ತಲೆ ಕೆಡಿಸಿಕೊಂಡಿರಲಿಲ್ಲ. ಆ ಕೆಲಸವನ್ನು ಮಾಡು ನೋಡಿಕೊಳ್ಳುತ್ತಿತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಊರೂರಿಗೆ ಹಬ್ಬಿದ ಆ ಹಂಚು ಸೋರುತ್ತದೆಂದು ನಾವು ಬೈದದ್ದೇ ಬೈದದ್ದು. ಮಳೆ ಒಳಗೆ ಬರುತ್ತಿದ್ದ ಸಂದಿಯಲ್ಲೇ ಹೊಗೆ ಹೊರಗೆ ಹೋಗುತ್ತಿತ್ತೆಂದು ತಿಳಿದದ್ದು ತಾರಸಿ ಹಾಕಿಸಿ, ಕಿಟಕಿಗೆ ಗಾಜು ಕೂರಿಸಿದ ಮೇಲೆ. ಒಲೆ ಅದೇ, ಸೌದೆ ಅದೇ, ಆದರೆ ಮನೆ ಉಸಿರು ಬಿಡುವುದನ್ನು ನಿಲ್ಲಿಸಿತ್ತು.

ಕಣ್ಣುರಿಸುವ ಹೊಗೆ ಒಂದು ಲೆಕ್ಕಕ್ಕೆ ಸಜ್ಜನ; ಕೆಮ್ಮಿಸಿ, ಅಳಿಸಿ ನಮ್ಮನ್ನು ಹೊರಗಟ್ಟುತ್ತದೆ. ಅದರ ಜೊತೆಗಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮಿಸುವ ಸೌಜನ್ಯವೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಗಟ್ಟಿಯಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಏಳದ ನಿದ್ದೆ. ಹೊಗೆಯಾಡದ ಇದ್ದಿಲ ಕೆಂಡವೇ ಇದರಲ್ಲಿ ಹೆಚ್ಚು ಮೋಸಗಾರ. ಬಾಣಂತಿ ಕೋಣೆಗೆ ಗಾಳಿ ಸೋಕಬಾರದೆಂದು ಕದವಿಕ್ಕಿ ಅಗ್ಗಿಷ್ಟಿಕೆ ಇಡುವುದು, ಚಳಿಯೆಂದು ಕೆಂಡದ ಬಾಂಡಲಿಯನ್ನು ಮಲಗುವ ಮನೆಗೆ ತರುವುದು, ಎರಡೂ ಬೇಡ. ಮೈಗೆ ಇನ್ನೊಂದು ಕಂಬಳಿ ಹೊದೆಯಬಹುದು. ಬೆಂಕಿಯ ಮನೆಯಲ್ಲಿ ತಲೆ ಸುತ್ತಿದರೆ ಕಷಾಯ ಕಾಯಿಸುತ್ತ ಕೂರದೆ, ಎಲ್ಲರನ್ನೂ ಎಬ್ಬಿಸಿಕೊಂಡು ಮೊದಲು ಅಂಗಳಕ್ಕೆ ಬರಬೇಕು.

ಹೊಗೆಗೆ ದಾರಿ ತೋರಿಸಲು ವಿಜ್ಞಾನಿಗಳೂ ಒಲೆಯ ಮುಂದೆ ಕೂತದ್ದುಂಟು. ಅಮೂಲ್ಯ ರೆಡ್ಡಿಯವರು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟುಹಾಕಿದ 'ಅಸ್ತ್ರ' ಬಳಗದಿಂದ ಅಸ್ತ್ರ ಒಲೆ ಬಂತು. ಒಂದೇ ಉರಿಗೆ ಮೂರು ಪಾತ್ರೆ, ಗಾಳಿಗೆ ಜಾಲರಿ, ಹೊಗೆಗೆ ಕೊಳವೆ. ಅನ್ನ ಬೇಯುತ್ತ ಹುಳಿ ಕುದಿಯುತ್ತಿತ್ತು, ಸೌದೆಯೂ ಉಳಿಯುತ್ತಿತ್ತು. ಆದರೆ ಕೊಳವೆ ಇದ್ದರೆ ಸಾಲದು, ಮಳೆಗಾಲಕ್ಕೆ ಮುಂಚೆ ಅದರ ಮಸಿ ತೆಗೆಸಬೇಕು. ಹಸಿ ಸೌದೆ ಉರಿಸಿದಷ್ಟೂ ಮಸಿ ಅಂಟುತ್ತದೆ, ಒಂದು ದಿನ ಆ ಮಸಿಗೇ ಬೆಂಕಿ ಹಿಡಿಯುತ್ತದೆ.

ಇವೆಲ್ಲದರ ಮೇಲೆ ಒಲೆಗೆ ಬೇಕಾದದ್ದು ಮುಂದೆ ಕೂರುವ ಒಬ್ಬ ಮನುಷ್ಯ. ಗ್ಯಾಸಿನಂತೆ ಹಚ್ಚಿಟ್ಟು ಫೋನಿಗೆ ಹೋದರೆ ಕೊಳ್ಳಿ ಜಾರುತ್ತದೆ, ಮಗು ಕೈ ಚಾಚುತ್ತದೆ, ಸೆರಗು ಕಿಡಿಗೆ ತಾಗುತ್ತದೆ. ಪುಣ್ಯಕ್ಕೆ ಈ ಕಾವಲಿಗೆ ಸಂಬಳ ಕೊಡಬೇಕಿಲ್ಲ. ಜಡಿಮಳೆಯ ಸಂಜೆ ಕೆಂಡದಲ್ಲಿ ಹಲಸಿನ ಬೀಜ ಸುಡುತ್ತೇವೆಂದರೆ ಸಾಕು, ಮನೆಮಂದಿಯೆಲ್ಲ ಒಲೆಯೆದುರು ಹಾಜರು. ಬೀಜದ ತುದಿ ಕತ್ತರಿಸಿ ಹಾಕುವುದನ್ನು ಮಾತ್ರ ಮರೆಯಬಾರದು. ಇಲ್ಲವಾದರೆ ಒಳಗಿನ ಆವಿಗೆ ದಾರಿ ಸಿಗದೆ ಅದು ಢಮಾರೆಂದು ಸಿಡಿಯುತ್ತದೆ, ಮೊದಲು ಓಡುವವರು ಕಾವಲುಗಾರರೇ.