ನಾಲ್ಕು ಲಕ್ಷದ ಗಂಡ

ತಮಿಳುನಾಡಿನ ನಮ್ಮ ನಾಟ್ರಾಂಪಾಳ್ಯದವರಿಗೆ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸುವುದೆಂದರೆ ಜಾತಕ ಬರೆಸಿದ ಹಾಗೆ. ಪುಸ್ತಕ ಕೈಗೆ ಬರುತ್ತದೆ, ತಲೆಬುಡ ತಿಳಿಯುವುದಿಲ್ಲ. ಚಲನ್ನಿನ ಮೇಲೆ ತಮಿಳು, ಹಿಂದಿ, ಇಂಗ್ಲಿಷು. ಮನೆಯಲ್ಲಿ ಕನ್ನಡ ಆಡುವ ನಾವು ಅಂಕಿಗಳನ್ನಷ್ಟೇ ನಂಬಿದವರು.

ನನ್ನಾಕೆ ಅದರಲ್ಲಿ ಗಟ್ಟಿಗಿತ್ತಿ. 2023ರ ಸೆಪ್ಟೆಂಬರಿನಿಂದ ತಮಿಳುನಾಡು ಸರ್ಕಾರ ಹೆಂಗಸರ ಖಾತೆಗೆ ತಿಂಗಳಿಗೆ 1,000 ರೂಪಾಯಿ ಹಾಕತೊಡಗಿದ ಮೇಲಂತೂ ಬ್ಯಾಂಕಿನ ವಿಷಯದಲ್ಲಿ ಅವಳ ಮಾತೇ ಕೊನೆ. ಮೊನ್ನೆ ನನ್ನ ಪಾಸ್‌ಬುಕ್ಕಿನ ಮೇ ತಿಂಗಳ ಸಾಲಿನ ಮೇಲೆ ಬೆರಳಿಟ್ಟಳು.

“ಇದೇನು 436? ಅದರ ಕೆಳಗೆ 20?”

ನೆನಪಾಯಿತು. 2015ರಲ್ಲಿ ಕೌಂಟರಿನವರು “ಇಲ್ಲೊಂದು, ಇಲ್ಲೊಂದು” ಎಂದು ತೋರಿಸಿದ ಕಡೆಯೆಲ್ಲ ರುಜು ಹಾಕಿದ್ದೆ. ಆಗ 330 ಮತ್ತು 12 ಇತ್ತು. 2022ರ ಜೂನಿನಿಂದ ಏರಿತು. ಪ್ರಧಾನಮಂತ್ರಿ ಹೆಸರಿನ ಎರಡು ವಿಮೆಗಳು.

“ನಾನು ಸತ್ತರೆ ನಿನಗೆ 2 ಲಕ್ಷ” ಎಂದೆ.

“ಸಾಯದಿದ್ದರೆ?”

“ಏನೂ ಇಲ್ಲ.”

“ಅಂದ್ರೆ ಇಷ್ಟು ವರ್ಷ ಕಟ್ಟಿದ್ದೆಲ್ಲ ದಂಡ!”

ಚೀಟಿ ಹಾಕಿದರೆ ಎಂದಾದರೂ ಕೈಗೆ ಬರುತ್ತದೆ, ಒಡವೆ ಅಡವಿಟ್ಟರೆ ಬಿಡಿಸಿಕೊಳ್ಳಬಹುದು. ಗಂಡ ಬದುಕಿದ್ದಷ್ಟು ದಿನ ನಷ್ಟ ತರುವ ವ್ಯವಹಾರವನ್ನು ಅವಳು ಕಂಡಿದ್ದೇ ಮೊದಲು.

ಅಷ್ಟರಲ್ಲಿ ಫೋನು. ಹಿಂದಿಯಲ್ಲಿ ಶುರುಮಾಡಿ ತಮಿಳಿಗೆ ಇಳಿದ ಹುಡುಗಿ, ನನಗೆ 3 ಲಕ್ಷ ಸಾಲ ಆಗಲೇ ಮಂಜೂರಾಗಿದೆ ಎಂದಳು. ಬೋರ್ ಕೊರೆಸಲು ನಾನೇ ಹೋಗಿ ಕೇಳಿದಾಗ ಪಟ್ಟಾ ತಾ, ಜಾಮೀನು ತಾ ಎಂದು ಮೂರು ತಿಂಗಳು ಅಲೆಸಿದ್ದರು. ಕೇಳದವನ ಮೇಲೆ ಎಂಥ ನಂಬಿಕೆ! “ಬೇಡಮ್ಮ” ಎಂದೆ ಕನ್ನಡದಲ್ಲಿ. “ಅಯ್ಯೋ, ಕನ್ನಡದೋರಾ ಸಾರ್?” ಎಂದು ಬಡ್ಡಿಯನ್ನು ಕನ್ನಡದಲ್ಲೇ ಹೇಳಿದಳು. ಬಡ್ಡಿ ಮಾತ್ರ ಕಮ್ಮಿಯಾಗಲಿಲ್ಲ.

ಫೋನಿಟ್ಟು ತಿರುಗಿದರೆ ನನ್ನಾಕೆ ಇನ್ನೂ ಪಾಸ್‌ಬುಕ್ ಹಿಡಿದೇ ಕೂತಿದ್ದಾಳೆ.

“ಈ 20 ರೂಪಾಯಿಂದು?”

“ಅದು ಅಪಘಾತಕ್ಕೆ. ಹಾಗೆ ಸತ್ತರೆ ಇನ್ನೂ 2 ಲಕ್ಷ, ಒಟ್ಟು ನಾಲ್ಕು. ದೊಡ್ಡ ವಿಮೆ ಮಾತ್ರ 55 ವರ್ಷಕ್ಕೆ ನಿಂತುಹೋಗುತ್ತೆ.”

ನನಗೀಗ 54. ಅವಳು ಬೆರಳು ಮಡಿಚಿ ಏನೋ ಲೆಕ್ಕ ಹಾಕಿ ಒಳಗೆ ಹೋದಳು. ರಾತ್ರಿ ಮುದ್ದೆಯ ಮೇಲೆ ಎಂದಿಲ್ಲದಷ್ಟು ತುಪ್ಪ ಬಿತ್ತು.

“ಇಷ್ಟು ಹತ್ತಿರ ಇದ್ದೂ ಹೊಗೇನಕಲ್ಲಿನಲ್ಲಿ ನೀವು ಒಂದು ಸಲಾನೂ ತೆಪ್ಪ ಹತ್ತಿಲ್ಲ, ಅಲ್ವಾ?” ಎಂದು ಕೇಳಿದಳು.