ಕೆನೇಡಿಯನ್ ಕ್ರಾಸ್‌ನ ಕೆಜಿಎಫ್ ಮೂಲ: ಪಾಥ್ ಮೀಮಾಂಸೆಗೊಂದು ಪೀಠಿಕೆ

ಕಂಪೈಲರ್ ಪಂಡಿತರಲ್ಲಿ ಒಂದು ತಪ್ಪು ನಂಬಿಕೆ ಬೇರೂರಿದೆ. ಒಂದು ಯಂತ್ರದಲ್ಲಿ ಕಟ್ಟಿ, ಇನ್ನೊಂದರಲ್ಲಿ ಓಡಿಸಿ, ಮೂರನೆಯದಕ್ಕೆ ಕೋಡ್ ಹೊರಡಿಸುವ ಕಂಪೈಲರಿಗೆ 'ಕೆನೇಡಿಯನ್ ಕ್ರಾಸ್' ಎಂಬ ಹೆಸರು ಬಂದದ್ದು ಆಗ ಕೆನಡಾದಲ್ಲಿ ಮೂರು ರಾಷ್ಟ್ರೀಯ ಪಕ್ಷಗಳಿದ್ದುದರಿಂದಂತೆ. ರಾಜಕೀಯ ಪಕ್ಷಗಳಿಂದ ಇಷ್ಟು ಉಪಯೋಗದ ವಸ್ತುವೊಂದು ಹುಟ್ಟೀತೆ? ಇದರ ಮೂಲ ಕೋಲಾರದ ಚಿನ್ನದ ಗಣಿ ಎಂಬುದೇ ಪ್ರಸ್ತುತ ಸಂಶೋಧಕನ ಸಿದ್ಧಾಂತ.

ಆಧಾರ ಹೀಗಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೆಜಿಎಫ್ ಗಣಿಗಳಿಗೆ ಹರಿಯಿತು. ಜನರೇಟರುಗಳು ತಯಾರಾದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ, ಅದು ಬಿಲ್ಡ್. ತಿರುಗಿದ್ದು ಕಾವೇರಿಯ ದಂಡೆಯಲ್ಲಿ, ಅದು ಹೋಸ್ಟ್. ದುಡಿದದ್ದು ಗಣಿಗಳಿಗಾಗಿ, ಅದು ಟಾರ್ಗೆಟ್. ನಡುವೆ ಎಳೆದ ಸುಮಾರು 92 ಮೈಲಿ ತಂತಿಯೇ ಪಾಥ್. 'ಎಲ್ಲ ಸರಿ, ಕೆನಡಾ ಎಲ್ಲಿಂದ ಬಂತು?' ಎಂದು ಪೂರ್ವಪಕ್ಷದವರು ಹುಬ್ಬೇರಿಸುವರು. ಈ ಯೋಜನೆಯನ್ನು ರೂಪಿಸಿದ ಇಂಜಿನಿಯರ್ ಜೋಲಿ ಡಿ ಲೋಟ್‌ಬಿನಿಯೇರ್ ಅಪ್ಪಟ ಕೆನಡಾದ ಕುಳ. ತಂದೆ ಕ್ವಿಬೆಕ್ ಪ್ರಾಂತ್ಯದ ಸರ್ಕಾರ ನಡೆಸಿದವರು. ಪೂರ್ವಪಕ್ಷ ಅಲ್ಲಿಗೆ ಸಮಾಪ್ತಿ.

ಟಾರ್ಗೆಟ್ ಖಚಿತವಾಗಿ ಬರೆದಿದ್ದರೆ ಹತ್ತಿರ, ದೂರ, ದೊಡ್ಡವರು, ಚಿಕ್ಕವರು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ದಿವಾನರ ಕಚೇರಿಯಿದ್ದ ಬೆಂಗಳೂರಿಗೇ ವಿದ್ಯುತ್ ದೀಪ ಬಂದದ್ದು 1905ರಲ್ಲಿ.

ಇನ್ನು ಪಾಥ್ ಪ್ರಕರಣ. ಶೆಲ್‌ಗೆ ವಿವೇಚನೆಯಿಲ್ಲ, ಪಾಥ್‌ನಲ್ಲಿ ಬರೆದ ಫೋಲ್ಡರುಗಳ ಸಾಲಿನಲ್ಲಿ ಮೊದಲು ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತದೆ. ಆರ್ಮ್ ಚಿಪ್ಪಿಗೆಂದು ಕಟ್ಟಿದ ಜಿಸಿಸಿ ಕಂಪೈಲರ್ ತನ್ನ ಅಸೆಂಬ್ಲರನ್ನು ಪ್ರಿಫಿಕ್ಸ್‌ನೊಳಗೆ, ಅಂದರೆ ತಾನು ನೆಲೆಗೊಂಡ ಫೋಲ್ಡರಿನೊಳಗೆ, ಟಾರ್ಗೆಟ್ ಹೆಸರಿನ ಫೋಲ್ಡರಿನ ಬಿನ್‌ನಲ್ಲಿ ಹುಡುಕುತ್ತದೆ. ಅಲ್ಲಿ ಕಾಣದಿದ್ದರೆ ಲ್ಯಾಪ್‌ಟಾಪಿನದೇ 'ಆ್ಯಸ್' ಅನ್ನು ನಿಸ್ಸಂಕೋಚವಾಗಿ ಕರೆದು ಕೂರಿಸುತ್ತದೆ. ಆ ಬಡಪಾಯಿಗೆ ಆರ್ಮ್‌ನ ಗಾಳಿಯೂ ಸೋಕಿಲ್ಲ. 'ಅನ್‌ರೆಕಗ್ನೈಸ್ಡ್ ಆಪ್ಷನ್' ಎಂದು ಕೈಚೆಲ್ಲುತ್ತದೆ. ಬೈಗುಳ ಮಾತ್ರ ಕಂಪೈಲರಿಗೆ.

ಹೆಸರು ಒಂದೇ ಇರುವ ಎರಡು ವಸ್ತುಗಳನ್ನು ಬೇರ್ಪಡಿಸುವ ಬಗೆ ಹೇಗೆ? ಇದರ ಕ್ಷೇತ್ರಕಾರ್ಯ ಬಂಗಾರಪೇಟೆಯ ಪಾನಿಪುರಿ ಗಾಡಿಯೆದುರು ನಡೆಯಿತು. ಅಲ್ಲಿನ ಪಾನಿ ಕುಡಿಯುವ ನೀರಿನಷ್ಟೇ ತಿಳಿ. ಪಕ್ಕದ ಲೋಟದಲ್ಲಿರುವುದು ಬರೀ ನೀರೋ ಪಾನಿಯೋ ಎಂಬುದು ಗಂಟಲು ಉರಿದ ಮೇಲಷ್ಟೇ ತೀರ್ಮಾನ. ಅಸೆಂಬ್ಲರನ್ನು ಬಾಯಿಗೆ ಹಾಕಿಕೊಳ್ಳಲಾಗದ್ದರಿಂದ ಜಿಸಿಸಿಗೆ 'ಪ್ರಿಂಟ್-ಪ್ರೋಗ್-ನೇಮ್' ಆಯ್ಕೆ ಕೊಟ್ಟು 'ಆ್ಯಸ್' ಎಲ್ಲಿದೆಯೆಂದು ಕೇಳಬೇಕು. ಪೂರ್ತಿ ವಿಳಾಸ ಹೇಳಿದರೆ ಕ್ಷೇಮ. ಬರೀ 'ಆ್ಯಸ್' ಎಂದು ಎರಡಕ್ಷರ ಉಸುರಿ ಸುಮ್ಮನಾದರೆ ಅದು ಪಾಥ್‌ನ ದಯೆಯಲ್ಲಿ ಬದುಕುತ್ತಿದೆ ಎಂದರ್ಥ.

ಕ್ರಮವೂ ಮುಖ್ಯ. ಮೊದಲು ಅಸೆಂಬ್ಲರನ್ನು ಒಳಗೊಂಡ ಬಿನ್‌ಯುಟಿಲ್ಸ್, ಬಳಿಕ ಪ್ರಿಫಿಕ್ಸ್‌ನ ಬಿನ್ ಅನ್ನು ಪಾಥ್‌ನ ತಲೆಗೇ ಸೇರಿಸುವುದು, ಆಮೇಲೆ ಅದೇ ಪ್ರಿಫಿಕ್ಸ್, ಅದೇ ಟಾರ್ಗೆಟ್ ಕೊಟ್ಟು ಜಿಸಿಸಿ. 'ವಿತ್-ಆ್ಯಸ್', 'ವಿತ್-ಎಲ್‌ಡಿ' ಎಂದು ವಿಳಾಸವನ್ನೇ ಬರೆದುಕೊಡುವ ಪಂಥವೂ ಉಂಟು. ಅನುಮಾನದ ಪ್ರಾಣಿಗಳು, ಆದರೆ ರಾತ್ರಿ ನಿದ್ದೆ ಮಾಡುವವರು ಅವರೇ.

'ಅದೇ ಟಾರ್ಗೆಟ್' ಎಂದರೆ ಅಕ್ಷರ ಬಿಡದಂತೆ ಅದೇ. ಬಿನ್‌ಯುಟಿಲ್ಸ್‌ಗೆ 'ಆರ್ಮ್-ನನ್-ಇಎಬಿಐ', ಜಿಸಿಸಿಗೆ 'ಆರ್ಮ್-ಇಎಬಿಐ' ಎಂದವನು ಬ್ರಿಟಿಷರ ಕಾಲದ ದಾಖಲೆಗಳಲ್ಲಿ ಬಂಗಾರಪೇಟೆ ಹುಡುಕಲು ಹೊರಟವನಿಗೆ ಸಮ. ಕಮಿಷನರ್ ಬೌರಿಂಗ್ ಹೆಸರಿನಲ್ಲಿ ಅಲ್ಲಿರುವುದು ಬೌರಿಂಗ್‌ಪೇಟೆ. ಊರು, ಜಂಕ್ಷನ್ನು, ಗಣಿಗೆ ಹೊರಳುವ ಹಳಿ ಎಲ್ಲವೂ ಇದ್ದಲ್ಲೇ ಇವೆ. ಉತ್ತರ ಮಾತ್ರ 'ನೋ ಸಚ್ ಫೈಲ್'.

ಟಾರ್ಗೆಟ್ ಶಾಶ್ವತವೆಂಬ ಭ್ರಮೆಯೂ ಸಲ್ಲದು. ಹಳೆಯ ಚಿಪ್ಪುಗಳನ್ನು ಜಿಸಿಸಿ ಆಗಾಗ ಪಟ್ಟಿಯಿಂದ ಕಿತ್ತುಹಾಕುತ್ತದೆ. ನಮ್ಮ ಗಣಿಗಳನ್ನು 2001ರ ಫೆಬ್ರವರಿ 28ರಂದು ಮುಚ್ಚಲಾಯಿತು.

ಜಿಸಿಸಿ ಕೈಪಿಡಿಯ ಸಂಪಾದಕರು ಲೋಟ್‌ಬಿನಿಯೇರ್ ಸಾಹೇಬರನ್ನು ಮುಂದಿನ ಆವೃತ್ತಿಯಲ್ಲಿ ಸ್ಮರಿಸಲಿ ಎಂದು ಕೋರುತ್ತೇನೆ. ಓದುಗರಲ್ಲಿ ಬೇಡುವುದು ಇಷ್ಟೇ: ಪಾಥ್ ತಿದ್ದಿದ ಮೇಲೆ ಹಳೆಯ ಬಿಲ್ಡ್ ಫೋಲ್ಡರಿನಲ್ಲೇ ಮೇಕ್ ಒತ್ತಬೇಡಿ. ಕಾನ್ಫಿಗರ್ ಮೊದಲ ಸಲ ಕಂಡ ಅಸೆಂಬ್ಲರಿನ ವಿಳಾಸವನ್ನು ಮೇಕ್‌ಫೈಲಿನಲ್ಲಿ ಬರೆದಿಟ್ಟಿರುತ್ತದೆ. ಫೋಲ್ಡರನ್ನು ಅಳಿಸಿ, ಹೊಸದಾಗಿ ಶುರುಮಾಡಿ.